ರೋಗಕೋಶದ ಹಸ್ತಪ್ರತಿ ಕಳಿಸಿದವರಿಗೆ

ಮಾನ್ಯರೇ,

ನೀವು ಕಳಿಸಿದ ಅಕಾರಾದಿ ರೋಗಕೋಶವನ್ನು ಪೂರ್ತಿ ಓದಿದೆ. ಈಗಿರುವಂತೆ ಅದನ್ನು ಅಚ್ಚಿಗೆ ಕೊಡಲಾರೆ. ನಿಮ್ಮ ಶ್ರಮ ಎದ್ದು ಕಾಣುತ್ತದೆ. ಯಾರಿಗಾಗಿ ಶ್ರಮಪಟ್ಟಿರಿ ಎಂಬುದು ಮಾತ್ರ ತಿಳಿಯಲಿಲ್ಲ.

'ರೇಬಿಸ್' ನಮೂದನ್ನೇ ನೋಡಿ. ವೈರಸ್ಸಿನ ಕುಲಗೋತ್ರದಿಂದ ಶುರುಮಾಡಿ, 1885ರಲ್ಲಿ ಲೂಯಿ ಪಾಸ್ಚರ್ ಬಾಲಕನೊಬ್ಬನಿಗೆ ಲಸಿಕೆ ಕೊಟ್ಟ ಕಥೆ ಹೇಳಿ, ಎರಡನೆಯ ಪುಟದ ಕೊನೆಗೆ 'ಗಾಯವನ್ನು ತೊಳೆಯಬೇಕು' ಎಂದಿದ್ದೀರಿ. ಮಗುವಿಗೆ ನಾಯಿ ಕಚ್ಚಿದೆ. ತಾಯಿ ಅಲ್ಲಿಯವರೆಗೆ ಓದುತ್ತಾ ಕೂರಬೇಕೆ? ಹರಿಯುವ ನೀರು, ಸೋಪು, 15 ನಿಮಿಷ ತೊಳೆಯುವುದು, ತಡಮಾಡದೆ ಲಸಿಕೆ, ಚರ್ಮ ಸೀಳಿ ರಕ್ತ ಬಂದಿದ್ದರೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು): ಇಷ್ಟು ಮೊದಲಿಗೇ ಬರಬೇಕು. ನೀರು ಕಂಡರೆ ಬೆಚ್ಚುವ ಹಂತ ತಲುಪಿದವರು ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಅದು ಎರಡನೆಯ ಸಾಲು. ಪಾಸ್ಚರ್ ಕಾಯಲಿ, ಅವರಿಗೇನೂ ಅವಸರವಿಲ್ಲ.

'ಕ್ಯಾಸನೂರು ಕಾಡಿನ ಕಾಯಿಲೆ' ಕಕಾರದಲ್ಲಿದೆ, ಸರಿ. ಸೊರಬ, ಸಾಗರ, ತೀರ್ಥಹಳ್ಳಿಯವರು ಹುಡುಕುವುದು 'ಮಂಗನ ಕಾಯಿಲೆ'ಯನ್ನು. ಮಕಾರದಲ್ಲಿ 'ಅಲ್ಲಿ ನೋಡಿ' ಎಂಬ ಸೂಚನೆಯೂ ಇಲ್ಲ. 1957ರಲ್ಲಿ ಪತ್ತೆಯಾಯಿತೆಂದು ಬರೆದವರು, ಅದು ಉಣುಗು ಕಚ್ಚಿ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂಬುದನ್ನೇ ಬಿಟ್ಟಿದ್ದೀರಿ. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಸುತ್ತಲೂ ಹರಡುತ್ತವೆ. ತರಗೆಲೆ ಗುಡಿಸಲು ಕಾಡಿಗೆ ಹೋಗುವವರಿಗೆ ಇಸವಿಗಿಂತ ಇದು ಮುಖ್ಯವಲ್ಲವೆ?

ನನ್ನ ತಾಳ್ಮೆ ತಪ್ಪಿದ್ದು 'ಕಾಮಾಲೆ'ಯಲ್ಲಿ. ಅದನ್ನೊಂದು ರೋಗವೆಂದು ಬರೆದು, ನೆಲನೆಲ್ಲಿ ರಸವೇ ಮದ್ದು ಎಂದಿದ್ದೀರಿ. ಕಾಮಾಲೆ ಬರಿಯ ಲಕ್ಷಣ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಎಂಬ ಯಕೃತ್ತಿನ ಸೋಂಕು ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ, ಕೀರ್ತಿ ನೆಲನೆಲ್ಲಿಗೆ ಸಲ್ಲುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡವನ ಕಣ್ಣೂ ಹಳದಿಯಾಗುತ್ತದೆ. ಅವನು ನಿಮ್ಮನ್ನು ನಂಬಿ ರಸ ಕುಡಿಯುತ್ತಾ ಮನೆಯಲ್ಲೇ ಕುಳಿತರೆ ಹೊಣೆ ಯಾರದು?

'ಸರ್ಪಸುತ್ತು' ನಮೂದು ಮಾತ್ರ ನನಗೆ ಹಿಡಿಸಿತು. ಹಿಂದೆಂದೋ ಬಂದ ಸೀತಾಳೆ ಸಿಡುಬಿನ ವೈರಸ್ಸೇ ನರದಲ್ಲಿ ಅಡಗಿದ್ದು ಮತ್ತೆ ಏಳುತ್ತದೆಂದು ಎರಡೇ ಮಾತಿನಲ್ಲಿ ಹೇಳಿ, ತಲೆ ಬಾಲ ಕೂಡಿದರೆ ಸಾವೆಂಬ ಭಯವನ್ನೂ ಕಳೆದಿದ್ದೀರಿ. ಇದೇ ಧಾಟಿಯಲ್ಲಿ ಹತ್ತು ನಮೂದುಗಳನ್ನು ಹೊಸದಾಗಿ ಬರೆದು, ವೈದ್ಯರೊಬ್ಬರಿಂದ ಓದಿಸಿ ಕಳಿಸಿ. ಮಾತ್ರೆಗಳ ಪ್ರಮಾಣ ಸೂಚಿಸುವ ಪುಟಗಳನ್ನು ತೆಗೆದುಬಿಡಿ. ಅವನ್ನು ನಾವು ಯಾವ ಕಾರಣಕ್ಕೂ ಅಚ್ಚುಹಾಕುವುದಿಲ್ಲ.

ಸಂಪಾದಕ