ಹೆಡ್‌ಮಾಸ್ಟರ ಫೋಟೊ, ಬೇರೆಯವರ ಮಾತು

ಓದುಗರ ಪತ್ರ (ಸಂಕ್ಷಿಪ್ತವಾಗಿ): ಫೇಸ್‌ಬುಕ್‌ನಲ್ಲಿ ನಮ್ಮ ಹಳೆಯ ಹೆಡ್‌ಮಾಸ್ಟರ ಹೆಸರಿನಿಂದ ಮೆಸೇಜ್ ಬಂತು. ಅವರ ಸ್ನೇಹಿತರೊಬ್ಬರು ಸಿಆರ್‌ಪಿಎಫ್ ಅಧಿಕಾರಿಯಂತೆ. ಜಮ್ಮುವಿಗೆ ವರ್ಗವಾಗಿದೆ, ಮನೆ ಸಾಮಾನು ಅರ್ಧ ಬೆಲೆಗೆ ಕೊಡುತ್ತಿದ್ದಾರೆ ಅಂತ. ನಂಬರ್ ಕೊಟ್ಟೆ. ವಾಟ್ಸ್‌ಆ್ಯಪ್‌ಗೆ ಫ್ರಿಜ್, ಸೋಫಾ, ವಾಷಿಂಗ್ ಮಷೀನ್ ಫೋಟೊ ಬಂತು. ಮೂರು ಸಲ ಸೇರಿ ₹65,500 ಕಳಿಸಿದೆ. ಸಾಮಾನು ಬರಲಿಲ್ಲ. ಹನ್ನೊಂದು ದಿನವಾಯಿತು. ‘ಓದಿದವರಾಗಿ ಹೀಗೆ ಮಾಡ್ಕೊಂಡ್ರಾ?’ ಅಂದ ಮಗ. ನಾಚಿಕೆಯಿಂದ ಬೇರೆ ಯಾರಿಗೂ ಹೇಳಿಲ್ಲ. ಇಂಥದ್ದನ್ನು ಗುರುತಿಸುವುದು ಹೇಗೆ? ಈಗ ದೂರು ಕೊಟ್ಟರೆ ಉಪಯೋಗವಿದೆಯೇ? (ನಿವೃತ್ತ ಶಿಕ್ಷಕಿ)

ಸಂಪಾದಕರ ಉತ್ತರ:

ಟೀಚರ್, ನಮಸ್ಕಾರ.

ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಉಪಯೋಗವಿದೆ. ಸಂಚಿಕೆ ನಿಮ್ಮ ಕೈಸೇರುವವರೆಗೆ ಕಾಯುವುದು ಬೇಡವೆಂದು ಇದನ್ನೇ ಬೇರೆಯಾಗಿ ಅಂಚೆಯಲ್ಲೂ ಬರೆದು ಹಾಕಿದ್ದೇನೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. 2021ರಲ್ಲಿ ಈ ಸಹಾಯವಾಣಿ ಶುರುವಾದಾಗ ನಂಬರ್ 155260 ಇತ್ತು, ಹಳೆಯ ಚೀಟಿಗಳಲ್ಲಿ ಅದೇ ಇರಬಹುದು. ಈಗ 1930. ನಿಮ್ಮ ಬ್ಯಾಂಕಿಗೂ ಇವತ್ತೇ ತಿಳಿಸಿ.

ನೀವು ಕಳಿಸಿದ ಹಣ ಆ ‘ಅಧಿಕಾರಿ’ಯ ಖಾತೆಗೆ ಹೋಗಿರುವುದಿಲ್ಲ. ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ ಖಾತೆಗೆ ಬೀಳುತ್ತದೆ. ಅಲ್ಲಿಂದ ನಿಮಿಷಗಳಲ್ಲಿ ಇನ್ನೊಂದಕ್ಕೆ, ಮತ್ತೊಂದಕ್ಕೆ, ಕೊನೆಗೆ ಎಟಿಎಂನಿಂದ ಹೊರಗೆ. ದೂರು ಬಂದ ತಕ್ಷಣ ಆ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ, ಅಷ್ಟರಲ್ಲಿ ಉಳಿದಿರುವುದನ್ನು ಅವು ತಡೆಹಿಡಿಯುತ್ತವೆ. ಅದಕ್ಕೇ ಮೊದಲ ಒಂದೆರಡು ಗಂಟೆಗೆ ಅಷ್ಟು ಬೆಲೆ. ಹನ್ನೊಂದು ದಿನದ ಮೇಲೆ ಪೂರ್ತಿ ಸಿಗುತ್ತದೆ ಎಂದು ಹೇಳಿ ನಿಮಗೆ ಸುಮ್ನೆ ಆಸೆ ಹುಟ್ಟಿಸಲಾರೆ. ಆದರೆ ಎಲ್ಲೋ ಒಂದಿಷ್ಟು ನಿಂತಿದ್ದರೂ ಅದನ್ನು ಕೇಳಲು ನಿಮ್ಮ ಕೈಯಲ್ಲಿ ದೂರು ಇರಬೇಕು. ಆ ಖಾತೆ ಬಂದ್ ಆದರೆ ಇನ್ನೊಬ್ಬರ ದುಡ್ಡು ಉಳಿಯುತ್ತದೆ.

ಚಾಟ್ ಅಳಿಸಬೇಡಿ, ನೋಡಿದಾಗಲೆಲ್ಲ ಹೊಟ್ಟೆ ಉರಿದರೂ ಸರಿ. ಮೂರೂ ಪಾವತಿಗಳ ಯುಟಿಆರ್ ಸಂಖ್ಯೆ (ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ), ವಾಟ್ಸ್‌ಆ್ಯಪ್ ನಂಬರ್, ಆ ನಕಲಿ ಪ್ರೊಫೈಲಿನ ಲಿಂಕ್ ಬರೆದಿಟ್ಟುಕೊಳ್ಳಿ. ಬರೀ ಹೆಸರು ಸಾಲದು, ಆ ಹೆಸರಿನವರು ನೂರು ಜನ ಇರುತ್ತಾರೆ. ಇವನ್ನೆಲ್ಲ ಹಿಡಿದುಕೊಂಡು ನಿಮ್ಮ ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗೆ ಹೋಗಿ. ಮಗನನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಈಗ ಗುರುತಿಸುವ ಮಾತು. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಒಂದು ಸಾಲಿನಲ್ಲಿ ನಿಂತೆ. ಮೆಸೇಜಿನಲ್ಲಿ ‘ಡಿಯರ್, ಹೌ ಆರ್ ಯು’ ಎಂದಿತ್ತು, ನಮ್ಮ ಮೇಷ್ಟ್ರು ಯಾವತ್ತೂ ‘ಏನಮ್ಮಾ, ಚೆನ್ನಾಗಿದ್ದೀಯಾ’ ಅಂತಲೇ ಕೇಳುತ್ತಿದ್ದರು ಎಂದು ಬರೆದಿದ್ದೀರಿ. ಟೀಚರ್, ಅನುಮಾನ ಬಂದಿದ್ದೇ ಅಲ್ಲಿ, ಅಲ್ವಾ? ಮೋಸಗಾರ ಅವರ ಫೋಟೊ ಕದಿಯಬಲ್ಲ, ಹೆಸರು ಕದಿಯಬಲ್ಲ, ಸ್ನೇಹಿತರ ಪಟ್ಟಿ ನೋಡಿ ನಿಮ್ಮನ್ನು ಹುಡುಕಬಲ್ಲ. ಮೂವತ್ತು ವರ್ಷ ಜೊತೆಗೆ ಕೆಲಸ ಮಾಡಿದವರು ನಿಮ್ಮನ್ನು ಹೇಗೆ ಕರೆಯುತ್ತಾರೆ ಎನ್ನುವುದು ಅವನಿಗೆ ಗೊತ್ತಿಲ್ಲ. ಪರಿಚಿತರ ಮಾತಿನ ಧಾಟಿ ಬದಲಾಗಿದ್ದರೆ ಅಲ್ಲೇ ನಿಂತು, ನಿಮ್ಮ ಹತ್ತಿರ ಮೊದಲಿನಿಂದ ಇರುವ ಅವರ ನಂಬರಿಗೆ ಫೋನ್ ಮಾಡಿ. ಧಾಟಿ ಸರಿಯಿದ್ದರೂ ದುಡ್ಡಿನ ವಿಷಯ ಬಂದರೆ ಫೋನ್ ಮಾಡಿ. ಮೆಸೇಜಿನಲ್ಲಿ ಬಂದ ಹೊಸ ನಂಬರಿಗಲ್ಲ.

ಸಮವಸ್ತ್ರದ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಯೋಧರೆಂದರೆ ಗೌರವ, ಅದು ಇರಬೇಕಾದದ್ದೇ. ಆ ಗೌರವವನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ ಎನ್ನುವುದು ನನಗೆ ತುಂಬ ಸಿಟ್ಟು ತರಿಸುವ ಸಂಗತಿ. ಪೊಲೀಸರೆಂದು ವಿಡಿಯೊ ಕಾಲ್ ಮಾಡಿ, ಬಂಧಿಸಿದ್ದೇವೆ ಎಂದು ಬೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಬಗ್ಗೆ ಪ್ರಧಾನಿಯವರು 2024ರ ಅಕ್ಟೋಬರ್‌ನಲ್ಲಿ ‘ಮನ್ ಕಿ ಬಾತ್’ನಲ್ಲಿ ಮಾತಾಡಿದ್ದು ನೆನಪಿರಬಹುದು. ಅಲ್ಲಿ ಸಮವಸ್ತ್ರ ತೋರಿಸಿ ಹೆದರಿಸುತ್ತಾರೆ, ಇಲ್ಲಿ ಅದನ್ನೇ ತೋರಿಸಿ ನಂಬಿಸುತ್ತಾರೆ. ಗುರುತಿನ ಚೀಟಿಯ ಫೋಟೊ ಯಾರು ಬೇಕಾದರೂ ತಯಾರಿಸಬಹುದು. ಯುಪಿಐನಲ್ಲಿ ಹಣ ಕಳಿಸುವ ಮೊದಲು ಖಾತೆದಾರರ ಹೆಸರು ತೆರೆಯ ಮೇಲೆ ಬರುತ್ತದೆ. ಅಧಿಕಾರಿಯ ಹೆಸರು ಒಂದು, ಖಾತೆಯ ಹೆಸರು ಇನ್ನೊಂದು ಇದ್ದರೆ ‘ಅದು ನಮ್ಮ ಅಕೌಂಟೆಂಟ್‌ದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಬಂದರೆ ಫೋನ್ ಇಟ್ಟುಬಿಡಿ.

ಮೊದಲು ಸಾಮಾನಿಗೆಂದು ₹35,000 ಕೊಟ್ಟಿರಿ. ಆಮೇಲೆ ಲಾರಿಗೆ ಡೆಪಾಸಿಟ್, ‘ವಾಪಸ್ ಬರುತ್ತೆ’ ಅಂದರು. ಮೂರನೆಯದು, ಲಾರಿ ಚೆಕ್‌ಪೋಸ್ಟ್‌ನಲ್ಲಿ ನಿಂತಿದೆ ಅಂತ. ಎರಡನೇ ಸಲ, ಮೂರನೇ ಸಲ ನೀವು ಹಣ ಕಳಿಸಿದ್ದು ಸೋಫಾ ಆಸೆಗಲ್ಲ, ಮೊದಲು ಕೊಟ್ಟಿದ್ದನ್ನು ಉಳಿಸಿಕೊಳ್ಳಲು. ಮಗನಿಗೆ ಇದನ್ನು ಓದಿ ಹೇಳಿ. ಓದಿಗೂ ಇದಕ್ಕೂ ಸಂಬಂಧವಿಲ್ಲ. ಕಳೆದುಕೊಂಡದ್ದು ಕೈಗೆ ಸಿಗುತ್ತದೆ ಎಂದರೆ ಯಾರ ಕೈಯಾದರೂ ಮುಂದೆ ಹೋಗುತ್ತದೆ. ಈ ಕಾರಣಕ್ಕೇ ಇನ್ನೊಂದು ಎಚ್ಚರಿಕೆ: ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸ್ ಕಟ್ಟಿ’ ಎಂದು ಯಾರಾದರೂ ಮೆಸೇಜ್ ಮಾಡಬಹುದು. ಅದು ಅದೇ ಮೋಸದ ಮುಂದಿನ ಕಂತು. ಪೊಲೀಸರು ಹಾಗೆ ಫೀಸ್ ಕೇಳುವುದಿಲ್ಲ.

ಕೊನೆಗೆ ಹೆಡ್‌ಮಾಸ್ಟರ ವಿಷಯ. ಅವರಿಗೆ ಇದು ಗೊತ್ತೇ ಇಲ್ಲದಿರಬಹುದು. ಎರಡು ವರ್ಷದ ಹಿಂದೆ ನನ್ನ ಹೆಸರಿನಲ್ಲೂ ನಕಲಿ ಖಾತೆ ತೆರೆದು ನಮ್ಮ ಲೇಖಕರಲ್ಲಿ ಮೂವರ ಬಳಿ ಹಣ ಕೇಳಿದ್ದರು. ಇಬ್ಬರು ಸಂಕೋಚದಿಂದ ಸುಮ್ಮನಿದ್ದರು. ಮೂರನೆಯವರು ಮನೆಗೆ ಫೋನ್ ಮಾಡಿ ‘ಸಾರ್, ಏನಾದರೂ ತೊಂದರೆಯೇ?’ ಎಂದು ಕೇಳಿದ್ದರಿಂದ ನನಗೆ ತಿಳಿಯಿತು. ನೀವೂ ಮೇಷ್ಟ್ರಿಗೆ ಫೋನ್ ಮಾಡಿ. ಆ ನಕಲಿ ಪ್ರೊಫೈಲಿನ ಮೂರು ಚುಕ್ಕಿ ಒತ್ತಿ ರಿಪೋರ್ಟ್ ಮಾಡಲು ಶಾಲೆಯ ಹಳೆಯ ಗೆಳೆಯರಿಗೆಲ್ಲ ಹೇಳಲಿ. ಸ್ನೇಹಿತರ ಪಟ್ಟಿ ಬೇರೆಯವರಿಗೆ ಕಾಣದಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಲಿ, ಪ್ರೊಫೈಲ್ ಲಾಕ್ ಮಾಡಲಿ. ನೀವೂ ಮಾಡಿ.

ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ದೂರಿನ ನಂಬರ್ ಸಿಕ್ಕ ಮೇಲೆ ಒಂದು ಸಾಲು ಬರೆಯಿರಿ.