ಮಂಡಿ ನೋವಿದೆ, ಆದರೆ ಮಂಡಿಯ ಎಕ್ಸ್‌ರೇ ಸರಿಯಿದೆ. ನೋವು ಬೇರೆ ಕೀಲಿನಿಂದ ಬರಬಹುದೇ?

ಬರಬಹುದು. ಮೊದಲ ಅನುಮಾನ ಸೊಂಟದ ಕೀಲಿನ ಮೇಲೆ, ಅಂದರೆ ತೊಡೆಮೂಳೆಯ ತಲೆ ಕೂರುವ ಹಿಪ್ ಜಾಯಿಂಟ್. ಅದಕ್ಕೂ ಮಂಡಿಗೂ ಫೆಮೊರಲ್, ಆಬ್ಟ್ಯುರೇಟರ್ ನರಗಳ ಕವಲುಗಳು ಹೋಗುತ್ತವೆ. ಎರಡು ಕಡೆಯ ಸಂದೇಶವೂ ಬೆನ್ನುಹುರಿಯ ಒಂದೇ ಭಾಗಕ್ಕೆ ತಲುಪುವುದರಿಂದ ಮಿದುಳು ನೋವಿನ ಜಾಗವನ್ನು ತಪ್ಪಾಗಿ ಗುರುತಿಸುತ್ತದೆ. ಎಷ್ಟೋ ಜನ ಮಂಡಿಗೆ ಮುಲಾಮು ಹಚ್ಚುತ್ತಲೇ ತಿಂಗಳು ಕಳೆಯುತ್ತಾರೆ.

ಪರೀಕ್ಷೆ ಸುಲಭ. ಅಂಗಾತ ಮಲಗಿಸಿ, ಸೊಂಟ ಮತ್ತು ಮಂಡಿಯನ್ನು 90 ಡಿಗ್ರಿ ಮಡಿಸಿ, ಮಂಡಿ ಅಲುಗದಂತೆ ಹಿಡಿದು ಪಾದವನ್ನು ನಿಧಾನವಾಗಿ ಹೊರಕ್ಕೆ ಸರಿಸಿ. ಆಗ ತೊಡೆ ಒಳಕ್ಕೆ ತಿರುಗುತ್ತದೆ. ತೊಡೆಸಂದಿನಲ್ಲೋ ಮಂಡಿಯಲ್ಲೋ ಅದೇ ನೋವು ಬಂದರೆ, ಅಥವಾ ಇನ್ನೊಂದು ಕಾಲಿಗಿಂತ ಕಡಿಮೆ ತಿರುಗಿದರೆ, ಸೊಂಟದ ಎಕ್ಸ್‌ರೇ ಮಾಡಿಸಬೇಕು. ಬಿದ್ದು ಪೆಟ್ಟಾಗಿದ್ದರೆ, ಕೃತಕ ಕೀಲು ಹಾಕಿಸಿದ್ದರೆ ಮನೆಯಲ್ಲಿ ಪ್ರಯೋಗ ಬೇಡ.

ಮಕ್ಕಳ ಮೇಲೂ ಬೇಡ. 10ರಿಂದ 16ರ ವಯಸ್ಸಿನವರು ಮಂಡಿ ನೋವೆಂದು ಕುಂಟುತ್ತಿದ್ದರೆ ತೊಡೆಮೂಳೆಯ ತಲೆ ಬೆಳವಣಿಗೆಯ ಪದರದಲ್ಲಿ ಜಾರಿರಬಹುದು. ಆ ಕಾಲು ನೆಲಕ್ಕೂರಲು ಬಿಡದೆ ಅದೇ ದಿನ ಮೂಳೆ ವೈದ್ಯರಿಗೆ ತೋರಿಸಿ. ಮುಂದಿನಿಂದ ತೆಗೆದ ಒಂದೇ ಎಕ್ಸ್‌ರೇಯಲ್ಲಿ ಸಣ್ಣ ಜಾರಿಕೆ ತಪ್ಪಿಹೋಗುತ್ತದೆ, ಪಕ್ಕದ ನೋಟವೂ ಬೇಕು.