ಮುಖವಾಡ ಬೇಡ, ಹಬ್ಬ ಇರಲಿ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ ಊರಿನಿಂದ ‘ಪುಟ್ಟಿಯ ಅಮ್ಮ’ ಅಂತ ಸಹಿ ಹಾಕಿ ಪತ್ರ ಬರೆದವರಿಗೆ ನಮಸ್ಕಾರ.

ನಿಮ್ಮ ಪತ್ರ ಪೂರ್ತಿ ಹಾಕಲು ಇಲ್ಲಿ ಜಾಗ ಸಾಲದು. ಹಾಗಾಗಿ ಉಳಿದ ಓದುಗರಿಗಾಗಿ ವಿಷಯವನ್ನಷ್ಟೇ ಹೇಳಿಬಿಡುತ್ತೇನೆ. ನಿಮ್ಮ ಮಗಳಿಗೆ ಎರಡೂವರೆ ವರ್ಷ. ಈ ಅಕ್ಟೋಬರ್ 31ಕ್ಕೆ ಅವಳನ್ನು ಮೊದಲ ಸಲ, ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹ್ಯಾಲೋವೀನ್ ಹಬ್ಬಕ್ಕೆ ಕರೆದುಕೊಂಡು ಹೋಗಬೇಕು ಅಂತ ನಿಮಗೆ ಆಸೆ. ಅಂಗಡಿಯಿಂದ ಜೇನುಹುಳದ ವೇಷ ತಂದಿದ್ದೀರಿ. ಅದರ ಟೋಪಿಯನ್ನು ತಲೆಗೆ ಹಾಕಿದ ತಕ್ಷಣ ಅವಳು ಕಿತ್ತೆಸೆದು, ಉಸಿರು ಕಟ್ಟುವಷ್ಟು ಅತ್ತಿದ್ದಾಳೆ. ಪಕ್ಕದ ಮನೆ ಬಾಗಿಲಿನ ಅಲಂಕಾರದ ಅಸ್ಥಿಪಂಜರ ಕಂಡರೆ ನಿಮ್ಮ ಕಾಲು ಬಿಡುವುದಿಲ್ಲ. ಇತ್ತ ಮೈಸೂರಿನಿಂದ ಅತ್ತೆಯವರು ಫೋನಿನಲ್ಲಿ ‘ದೆವ್ವದ ಹಬ್ಬ ನಮಗ್ಯಾಕಮ್ಮಾ, ಮಗು ಬೆಚ್ಚಿಬಿದ್ದರೆ?’ ಅನ್ನುತ್ತಿದ್ದಾರೆ. ನೀವು ಚಿಕ್ಕವರಿದ್ದಾಗ ಶಾಲೆಯ ಛದ್ಮವೇಷದಲ್ಲಿ ಒನಕೆ ಓಬವ್ವ ಆಗಿದ್ದನ್ನೂ ಬರೆದಿದ್ದೀರಿ. ಅಜ್ಜಿಯ ನಿಜವಾದ ಒನಕೆ ಎತ್ತಲಾಗಲಿಲ್ಲ, ಅಪ್ಪ ಪ್ಲಾಸ್ಟಿಕ್ ಪೈಪಿಗೆ ಹಳೇ ಪೇಪರ್ ಸುತ್ತಿ ಕಂದು ಬಣ್ಣ ಬಳಿದು ಕೊಟ್ಟರು, ಅದನ್ನು ಹಿಡಿದು ನಿಂತ ಖುಷಿ ಇನ್ನೂ ಮರೆತಿಲ್ಲ ಅಂತ. ‘ಆ ಖುಷಿ ಇವಳಿಗೂ ಸಿಗಲಿ ಅನ್ನಿಸುತ್ತೆ. ಸ್ವಲ್ಪ ಬಲವಂತ ಮಾಡಲಾ, ಅಥವಾ ಈ ವರ್ಷ ಬಿಟ್ಟೇಬಿಡಲಾ?’ ಇದು ನಿಮ್ಮ ಪ್ರಶ್ನೆ.

ಬಲವಂತ ಬೇಡ. ಬಿಟ್ಟುಬಿಡುವುದೂ ಬೇಡ.

ಮೊದಲು ಅಳುವಿನ ವಿಷಯ, ಯಾಕೆಂದರೆ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ. ರೀಟಾ ಡಿವ್ರೀಸ್ ಅಂತ ಅಮೆರಿಕದ ಒಬ್ಬ ಮನಶ್ಶಾಸ್ತ್ರಜ್ಞೆ ಇದ್ದರು. 1969ರಲ್ಲಿ ಅವರು ಪ್ರಕಟಿಸಿದ ಒಂದು ಅಧ್ಯಯನ ಬಹಳ ಹೆಸರುವಾಸಿ. ಮೇನಾರ್ಡ್ ಅನ್ನುವ ಒಂದು ಸಾಧು ಬೆಕ್ಕು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅದನ್ನು ತೋರಿಸಿದರು, ಮುದ್ದು ಮಾಡಲು ಬಿಟ್ಟರು. ಆಮೇಲೆ ಬೆಕ್ಕಿನ ಮುಂಭಾಗವನ್ನು ಮರೆಮಾಡಿ, ಅದರ ಬಾಲ ಮಕ್ಕಳಿಗೆ ಕಾಣುತ್ತಿರುವಾಗಲೇ ಮುಖಕ್ಕೆ ನಾಯಿಯ ಮುಖವಾಡ ತೊಡಿಸಿದರು. ಈಗ ಇದು ಏನು ಅಂತ ಕೇಳಿದರೆ, ಮೂರು ವರ್ಷದ ಮಕ್ಕಳಲ್ಲಿ ಬಹಳಷ್ಟು ಜನಕ್ಕೆ ಅದು ನಿಜವಾಗಿಯೂ ನಾಯಿಯೇ ಆಗಿಹೋಗಿತ್ತು. ಆರು ವರ್ಷದವರಿಗೆ ಮಾತ್ರ ಅದು ಮುಖವಾಡ ಹಾಕಿದ ಬೆಕ್ಕು ಅಂತ ಗೊತ್ತು. ನಿಮ್ಮ ಪುಟ್ಟಿಗೆ ಇನ್ನೂ ಮೂರೂ ತುಂಬಿಲ್ಲ ಅಲ್ವಾ? ಮುಖವಾಡ ಹಾಕಿಕೊಂಡು ಬಂದ ಪಕ್ಕದ ಮನೆ ಅಂಕಲ್ ಅವಳ ಪಾಲಿಗೆ ಪಕ್ಕದ ಮನೆ ಅಂಕಲ್ ಅಲ್ಲವೇ ಅಲ್ಲ. ಕನ್ನಡಿಯೊಳಗೆ ಮೀಸೆ ಅಲ್ಲಾಡಿಸುತ್ತಾ ನಿಂತಿರುವ ಜೇನುಹುಳ ತಾನೇ ಅನ್ನುವುದೂ ಅವಳಿಗೆ ಅಷ್ಟು ಖಚಿತವಿಲ್ಲ. ಇದು ಹಠ ಅಲ್ಲ, ನಿಮ್ಮ ಮಗು ವಯಸ್ಸಿಗೆ ತಕ್ಕಂತೆ ಸರಿಯಾಗಿಯೇ ಇದೆ.

ಹಾಗಾಗಿ ಟೋಪಿಯನ್ನು ಈ ವರ್ಷ ಕಪಾಟಿನಲ್ಲಿಡಿ. ಉಳಿದ ಬಟ್ಟೆಯನ್ನು ಅವಳ ಆಟದ ಸಾಮಾನಿನ ಜೊತೆ ಸುಮ್ನೆ ನೆಲದ ಮೇಲೆ ಬಿಡಿ. ಕರಡಿ ಗೊಂಬೆಗೆ ರೆಕ್ಕೆ ಕಟ್ಟಿ, ಬಿಚ್ಚಿ. ನೀವು ಕಟ್ಟಿಕೊಳ್ಳಿ, ಅವಳ ಕೈಯಲ್ಲೇ ಬಿಚ್ಚಿಸಿಕೊಳ್ಳಿ. ಕಟ್ಟಿದ್ದು ಬಿಚ್ಚಬಹುದು, ಬಿಚ್ಚಿದ ಮೇಲೆ ಒಳಗೆ ಅಮ್ಮನೇ ಇರುತ್ತಾಳೆ ಅಂತ ಅವಳು ಕಣ್ಣಾರೆ ನೋಡಬೇಕು. ಅಷ್ಟಾದ ಮೇಲೂ ರೆಕ್ಕೆ ಬೇಡ ಅಂದರೆ ಹಳದಿ ಅಂಗಿಗೆ ಕಪ್ಪು ಟೇಪಿನ ಪಟ್ಟೆ ಅಂಟಿಸಿ, ಮುಗೀತು. ಡೇಕೇರ್‌ನಲ್ಲಿ ಯಾರೂ ಅಂಕ ಕೊಡುವುದಿಲ್ಲ. ಫೋಟೋ ಚೆನ್ನಾಗಿ ಬರಲಿ ಅಂತ ಅಳುವ ಮಗುವಿಗೆ ಟೋಪಿ ಹಾಕಿಸುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಅತ್ತೆಯವರ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಹಬ್ಬದ ಬೇರಿನಲ್ಲಿ ದೆವ್ವಗಳಿವೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ‘ಸಾವಿನ್’ ಹಬ್ಬದ ಹೊತ್ತಿನಲ್ಲಿ ಸತ್ತವರು ಈ ಲೋಕಕ್ಕೆ ಬಂದು ಹೋಗುತ್ತಾರೆ ಅನ್ನುವ ನಂಬಿಕೆ ಇತ್ತು. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ, ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಐರ್ಲೆಂಡ್ ಕಡೆ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಐರಿಶ್ ಜನ ಲಕ್ಷಗಟ್ಟಲೆ ಅಮೆರಿಕಕ್ಕೆ ಹೋದರಲ್ಲ, ಅಲ್ಲಿ ಕುಂಬಳಕಾಯಿ ಸಿಕ್ಕಿತು, ದೊಡ್ಡದು, ಕೊರೆಯಲೂ ಸುಲಭ. ಮಕ್ಕಳು ಮನೆಮನೆಗೆ ಹೋಗಿ ಮಿಠಾಯಿ ಕೇಳುವುದು ಊರೂರಿಗೆ ಹಬ್ಬಿದ್ದು 1930ರ ದಶಕದಿಂದೀಚೆಗೆ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದಾಗ ಅದು ಹೆಚ್ಚುಕಮ್ಮಿ ನಿಂತೇ ಹೋಗಿತ್ತು. 1950ರಲ್ಲಿ ಫಿಲಡೆಲ್ಫಿಯಾ ಕಡೆಯ ಮಕ್ಕಳು ಹಾಲಿನ ಡಬ್ಬಿಗಳಿಗೆ ಅಲಂಕಾರ ಮಾಡಿ, ಮಿಠಾಯಿಯ ಜೊತೆಗೆ ಯುನಿಸೆಫ್‌ಗೆ ಚಿಲ್ಲರೆ ಕಾಸನ್ನೂ ಕೂಡಿಸಿದರು. ಆ ಪದ್ಧತಿ ಇವತ್ತಿಗೂ ನಡೆದಿದೆ.

ಆದರೆ ಅತ್ತೆಯವರಿಗೆ ಈ ಇತಿಹಾಸವೆಲ್ಲ ಹೇಳಬೇಕಾಗಿಲ್ಲ. ‘ಅತ್ತೆ, ಗೊಂಬೆ ನೋಡೋಕೆ ಹೋಗ್ತಿದ್ರಲ್ಲ, ಹಾಗೇನೇ’ ಅನ್ನಿ. ಮೈಸೂರಿನವರಿಗೆ ಬಿಡಿಸಿ ಹೇಳುವುದು ಬೇಕಿಲ್ಲ. ನವರಾತ್ರಿಯ ಸಂಜೆ ನಾವು ಹುಡುಗಿಯರು ಗುಂಪು ಕಟ್ಟಿಕೊಂಡು, ಕೈಯಲ್ಲೊಂದು ಸ್ಟೀಲ್ ಡಬ್ಬಿ ಹಿಡಿದು, ಗುರುತಿಲ್ಲದ ಮನೆಯಾದರೂ ಗೇಟು ತಳ್ಳಿಕೊಂಡು ಹೋಗಿ ‘ಗೊಂಬೆ ಕೂರ್ಸಿದೀರಾ?’ ಅಂತ ಕೇಳುತ್ತಿದ್ದೆವು. ಕೂರಿಸಿದ್ದರೆ ಒಳಗೆ ಕರೆಯುತ್ತಿದ್ದರು. ಹಾಡು ಹೇಳು ಅಂದರೆ ಹೇಳಲೇಬೇಕು. ಆಮೇಲೆ ಗೊಂಬೆ ಬಾಗಿನ, ಒಂದು ಮನೆಯಲ್ಲಿ ಕೊಬ್ಬರಿ ಮಿಠಾಯಿ, ಇನ್ನೊಂದರಲ್ಲಿ ಕೋಡುಬಳೆ, ಮತ್ತೊಂದರಲ್ಲಿ ಪುರಿಗಡಲೆ. ಯಾರ ಮನೆಯಲ್ಲಿ ಏನು ಕೊಡುತ್ತಾರೆ ಅನ್ನುವ ಸುದ್ದಿ ನಮಗಿಂತ ಮುಂಚೆ ಮುಂದಿನ ಬೀದಿ ತಲುಪಿರುತ್ತಿತ್ತು. ಆ ಹಬ್ಬ ಬೇರೆ, ಈ ಹಬ್ಬ ಬೇರೆ. ಎರಡನ್ನೂ ಕಲಸಬೇಕಾಗಿಲ್ಲ. ಆದರೆ ಮಗು ಬಂದು ಕೇಳಿದಾಗ ಊರು ಬಾಗಿಲು ತೆಗೆಯುತ್ತದೆ ಅನ್ನುವ ಅನುಭವ ಅಲ್ಲೂ ಇತ್ತು, ಇಲ್ಲೂ ಇದೆ. ಹೊಸ ದೇಶದಲ್ಲಿ ಬೆಳೆಯುವ ಮಗುವಿಗೆ ಅದು ಸಿಗಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅದಕ್ಕೇ ಬಿಟ್ಟುಬಿಡಬೇಡಿ ಅಂದಿದ್ದು.

ಈಗ ನಿಮ್ಮ ಓಬವ್ವ. ಆ ಖುಷಿ ನಿಮಗೆ ಸಿಕ್ಕಾಗ ನೀವು ಎರಡನೇ ಕ್ಲಾಸಿನಲ್ಲಿದ್ದಿರಿ ಅಂತ ಬರೆದಿದ್ದೀರಿ. ಕಥೆ ಗೊತ್ತಿತ್ತು. ಚಿತ್ರದುರ್ಗದ ಕೋಟೆಯ ಕಿಂಡಿ, ನುಸುಳಿ ಬಂದ ಹೈದರನ ಸೈನಿಕರು, ಒನಕೆ ಎತ್ತಿ ನಿಂತ ಹೆಂಗಸು, ಇದೆಲ್ಲ ನಿಮ್ಮ ತಲೆಯೊಳಗೆ ಮೊದಲೇ ಇತ್ತು. ನಾನು ಕಿತ್ತೂರು ಚೆನ್ನಮ್ಮ ಆಗಿದ್ದೆ. ನಮ್ಮಮ್ಮ ರಟ್ಟು ಕತ್ತರಿಸಿ ಕಿರೀಟ ಮಾಡಿದರು. ಮೈದಾ ಕುದಿಸಿ ಮಾಡಿದ ಅಂಟಿನಿಂದ ಬೇಗಡೆ ಹಚ್ಚಿದರು. ಅಂಟು ಪೂರ್ತಿ ಒಣಗಿರಲಿಲ್ಲ. ಕಿರೀಟದ ಅಂಚು ಹಣೆಗೆ ಒತ್ತುತ್ತಿತ್ತು, ಹಸಿ ಮೈದಾದ ವಾಸನೆ ಮೂಗಿಗೆ ಬಡಿಯುತ್ತಿತ್ತು. ವೇದಿಕೆಯ ಪಕ್ಕದಲ್ಲಿ ಗಾಂಧೀಜಿ, ವಿವೇಕಾನಂದ, ಬುಟ್ಟಿ ಹೊತ್ತ ತರಕಾರಿಯವಳು, ಎಲ್ಲರೂ ಸಾಲಾಗಿ ನಿಂತು ನಮ್ಮ ನಮ್ಮ ಮಾತು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆವು. ಹೊಸ ಬಟ್ಟೆಯ ಖುಷಿಗಿಂತ ದೊಡ್ಡದು ಅದು, ನಾನು ಇನ್ನೊಬ್ಬಳಾಗಿದ್ದೇನೆ, ಆದರೂ ನಾನೇ ಅಂತ ಗೊತ್ತಿರುವ ಖುಷಿ. ಎರಡೂವರೆ ವರ್ಷಕ್ಕೆ ಅದು ಬರುವುದಿಲ್ಲ. ಐದಕ್ಕೆ, ಆರಕ್ಕೆ ಬರುತ್ತದೆ. ಆಗ ಯಾವ ವೇಷ ಅಂತ ಅವಳೇ ಹೇಳುತ್ತಾಳೆ, ಮೂರು ಸಲ ಬದಲಾಯಿಸುತ್ತಾಳೆ ಕೂಡ. ಅಲ್ಲಿಯವರೆಗೆ ಒನಕೆಯ ಕಥೆ ಹೇಳುತ್ತಿರಿ, ಸಾಕು.

ಇನ್ನು ಆ ಸಂಜೆ. ನಾನೂ ಕೆಲವು ವರ್ಷ ಪೆನ್ಸಿಲ್ವೇನಿಯಾದಲ್ಲಿದ್ದೆ, ನಮ್ಮ ಮಗ ನಡೆಯಲು ಕಲಿತದ್ದು ಅಲ್ಲೇ, ಹಾಗಾಗಿ ಇದನ್ನು ನೋಡಿ ಹೇಳುತ್ತಿದ್ದೇನೆ. ನಿಮ್ಮಲ್ಲಿ ಆ ದಿನ ಸೂರ್ಯ ಮುಳುಗುವುದು ಆರಕ್ಕೆ ಸ್ವಲ್ಪ ಮುಂಚೆ. ಐದಕ್ಕೇ ಹೊರಡಿ, ಬೆಳಕಿರುವಾಗಲೇ ವಾಪಸ್ ಬನ್ನಿ. ದೊಡ್ಡ ಮಕ್ಕಳು, ರಕ್ತ ಸುರಿಯುವ ಮುಖವಾಡದವರು ಹೊರಬರುವುದು ಕತ್ತಲಾದ ಮೇಲೆ. ಗುರುತಿನ ಮೂರು ನಾಲ್ಕು ಮನೆ ಸಾಕು. ಆ ಅಸ್ಥಿಪಂಜರದ ಮನೆ ಬಿಟ್ಟುಬಿಡಿ. ಹೊರಗಿನ ದೀಪ ಉರಿಯುತ್ತಿದ್ದರೆ ಬನ್ನಿ ಅಂತ, ಆರಿದ್ದರೆ ಆ ಮನೆಗೆ ಹೋಗಬಾರದು. ಚಳಿ ಇರುತ್ತದೆ, ವೇಷದ ಮೇಲೆ ಜಾಕೆಟ್ ಹಾಕಿದರೆ ವೇಷವೇ ಕಾಣುವುದಿಲ್ಲ, ಆದ್ದರಿಂದ ಒಳಗೇ ಬೆಚ್ಚಗಿನದು ತೊಡಿಸಿ. ಡೈಪರ್ ಬದಲಾಯಿಸಲು ಇಡೀ ವೇಷ ಬಿಚ್ಚಬೇಕಾದ ಉಡುಪು ಬೇಡವೇ ಬೇಡ. ಬಾಗಿಲು ತೆರೆದ ತಕ್ಷಣ ಈ ವಯಸ್ಸಿನ ಮಕ್ಕಳು ಸೀದಾ ಒಳಗೆ ನಡೆದುಬಿಡುತ್ತಾರೆ, ಮನೆಗೆ ಬಂದದ್ದು ಅಂದರೆ ಒಳಗೆ ಹೋಗುವುದು ಅಂತ ಅವರ ಲೆಕ್ಕ. ಕೈ ಹಿಡಿದಿರಿ. ನಮ್ಮ ಬಾಗಿಲಿಗೆ ಬಂದ ಒಂದು ಕಂದಮ್ಮ, ಕೆಂಪು ಚುಕ್ಕೆಹುಳದ ವೇಷ, ನಾನು ಬಟ್ಟಲು ಚಾಚಿದರೆ ತನ್ನ ಬುಟ್ಟಿಯಿಂದ ಒಂದು ಚಾಕೊಲೇಟ್ ತೆಗೆದು ನನ್ನ ಬಟ್ಟಲಿಗೆ ಹಾಕಿತು.

ಬಂದ ಮಿಠಾಯಿಯಲ್ಲಿ ಗಟ್ಟಿ ಕ್ಯಾಂಡಿ, ಚ್ಯೂಯಿಂಗ್ ಗಮ್, ಇಡೀ ಕಡಲೆಕಾಯಿ ಬೀಜ ಇರುವಂಥದ್ದು, ಪಾಪ್‌ಕಾರ್ನ್ ಎಲ್ಲ ತೆಗೆದಿಡಿ. ನಾಲ್ಕು ವರ್ಷದ ಒಳಗಿನವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ ಅಂತ ಅಲ್ಲಿನ ಮಕ್ಕಳ ಡಾಕ್ಟರುಗಳು ಎಚ್ಚರಿಸುತ್ತಾರೆ. ಹೊರಗೆ ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿ ಕಂಡರೆ ಆ ಮನೆಯಲ್ಲಿ ತಿಂಡಿಯ ಬದಲು ಸ್ಟಿಕರ್, ಸೋಪಿನ ಗುಳ್ಳೆ, ಪುಟ್ಟ ಆಟಿಕೆಯಂಥದ್ದೂ ಸಿಗುತ್ತದೆ ಅಂತ ಅರ್ಥ. ಅಲರ್ಜಿ ಇರುವ ಮಕ್ಕಳಿಗಾಗಿ 2014ರಿಂದ ಇದು ದೇಶದಾದ್ಯಂತ ಹರಡಿದೆ. ಚಿಕ್ಕ ಮಕ್ಕಳಿಗೆ ಚಾಕೊಲೇಟಿಗಿಂತ ಸ್ಟಿಕರ್ ಇಷ್ಟ, ನೋಡಿ ಬೇಕಾದರೆ. ನಿಮ್ಮ ಬಾಗಿಲಲ್ಲೂ ಅಂಥದ್ದೊಂದು ಕುಂಬಳಕಾಯಿ ಇಡಿ. ಕುಂಬಳ ಕೊರೆದರೆ ಒಳಗೆ ಮೇಣದಬತ್ತಿ ಬೇಡ, ಬ್ಯಾಟರಿ ದೀಪ ಇಡಿ, ರೆಕ್ಕೆ ಕಟ್ಟಿದ ಮಗು ಓಡಾಡುವ ಜಾಗ ಅದು.

ಎರಡನೇ ಮನೆಗೇ ಅವಳು ‘ಮನೆಗೆ ಹೋಗೋಣ’ ಅಂದರೆ ವಾಪಸ್ ಬಂದುಬಿಡಿ. ಬಾಗಿಲಲ್ಲಿ ನೀವಿಬ್ಬರೂ ಕೂತು ಬಂದ ಮಕ್ಕಳಿಗೆ ಅವಳ ಕೈಯಿಂದಲೇ ಕೊಡಿಸಿ. ಬಹಳ ಮಕ್ಕಳಿಗೆ ತೆಗೆದುಕೊಳ್ಳುವುದಕ್ಕಿಂತ ಅದೇ ಜಾಸ್ತಿ ಹಿಡಿಸುತ್ತದೆ.

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು. ಶಾಲೆಯ ಛದ್ಮವೇಷದಲ್ಲಿ ನೀವು ಏನಾಗಿದ್ದಿರಿ, ಆ ವೇಷ ಕಟ್ಟಿಕೊಟ್ಟವರು ಯಾರು, ಯಾವುದರಿಂದ ಮಾಡಿದ್ದರು, ಬರೆದು ಕಳಿಸಿ. ಹುಲಿವೇಷಕ್ಕೆ ಬಣ್ಣ ಒಣಗುವವರೆಗೆ ಕೈ ಅಗಲಿಸಿ ನಿಂತಿದ್ದ ಮಂಗಳೂರು, ಉಡುಪಿ ಕಡೆಯವರು ದಯವಿಟ್ಟು ತಪ್ಪದೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೇ ಇಟ್ಟಿದ್ದೇವೆ.

– ಸಂಪಾದಕಿ